ಬಲಕ್ಕೆ ತಿರುಗಿದರೆ ಗೋಡೆ

ನಮ್ಮ ಸರ್ ತೀರಿಕೊಂಡ ಮೇಲೆ ಜಮಖಂಡಿಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು, ಅವರಿಂದ ಮನೆ ಕಟ್ಟಿಸಿಕೊಂಡವರು ಸೇರಿ ಒಂದು ಸಭೆ ಮಾಡಿದರು. ಮಾತಾಡಿದವರೆಲ್ಲ ಹೆಚ್ಚು ಕಡಿಮೆ ಒಂದೇ ಕಥೆ ಹೇಳಿದರು. ಜೀವನವಿಡೀ ಪಾಲಿಟೆಕ್ನಿಕ್ಕಿನಲ್ಲಿ ಯಾವ ಮನೆಯ ನಕ್ಷೆಯನ್ನು ಪಾಠ ಮಾಡಿದರೋ ಆ ಪ್ರಸಿದ್ಧ ಮನೆಯನ್ನು ನೋಡಲು ಸರ್ ಕೊನೆಗೂ ಅಹಮದಾಬಾದಿಗೆ ಹೋದರು. ಒಳಗೆ ಕಾಲಿಟ್ಟವರೇ ಭಾವುಕರಾದರು. ಗೋಡೆಗೆ ಹಣೆ ಹಚ್ಚಿ ನಿಂತರು, ಕಣ್ಣಲ್ಲಿ ನೀರು ಬಂತು. ಒಬ್ಬ ಗುತ್ತಿಗೆದಾರರಂತೂ ಇದನ್ನು ಹೇಳುತ್ತ ತಾವೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಅರ್ಧ ಹೊಡೆಯಿತು.

ಈ ಕಥೆಯಲ್ಲಿ ನಿಜ ಎಷ್ಟು? ಅಹಮದಾಬಾದಿಗೆ ಹೋದದ್ದು ನಿಜ. ಹಣೆಗೂ ಗೋಡೆಗೂ ಭೇಟಿಯಾದದ್ದು ನಿಜ. ಕಣ್ಣಲ್ಲಿ ನೀರು ಬಂದದ್ದೂ ನಿಜ. ಆದರೆ ಸರ್ ಹಣೆಯನ್ನು ಗೋಡೆಗೆ ಹಚ್ಚಲಿಲ್ಲ, ಅದು ಹೋಗಿ ಬಡಿಯಿತು. ಲಿಂಬೆಹಣ್ಣಿನಷ್ಟು ಬುಗುಟೆ ಎದ್ದಿತು. ಅಂಥ ಪೆಟ್ಟು ಬಿದ್ದರೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ, ಅದಕ್ಕೆ ವಾಸ್ತುಶಿಲ್ಪದ ಮೇಲೆ ಪ್ರೀತಿ ಇರಬೇಕೆಂದಿಲ್ಲ. ನಾನು ಇಷ್ಟು ಖಚಿತವಾಗಿ ಹೇಳುತ್ತಿರುವುದು ಏಕೆಂದರೆ ಅವರ ಹಿಂದೆ ನಿಂತಿದ್ದವಳು ನಾನು. ನನಗಿಂತ ತುಸು ಮುಂದೆ, ಓರೆಯಲ್ಲಿ ನಿಂತಿದ್ದವಳು ನಮ್ಮ ಅವ್ವ. ಅವತ್ತು ಅವ್ವ ನಕ್ಕಳು. ಸಭೆಯಲ್ಲಿ ಯಾರೂ ಆ ನಗುವಿನ ವಿಷಯ ಹೇಳಲಿಲ್ಲ. ನನಗೆ ಮಾತ್ರ ಇಡೀ ಕಥೆಯಲ್ಲಿ ಮುಖ್ಯವಾದದ್ದು ಅದೇ.

ಸರ್ ಕಟ್ಟಡದ ನಕ್ಷೆ ಕಲಿಸುತ್ತಿದ್ದರು. ಸಂಜೆ ಮತ್ತು ಭಾನುವಾರ ಜನರಿಗೆ ಮನೆಯ ನಕ್ಷೆ ಹಾಕಿಕೊಡುತ್ತಿದ್ದರು. ಅವರ ಪದ್ಧತಿ ಬೇರೆ ಯಾರಲ್ಲೂ ಇರಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರೆ ಜನ ಹೂಂ ಅನ್ನುತ್ತಾರೆ, ಮನೆ ಎದ್ದ ಮೇಲೆ ಉಹೂಂ ಅನ್ನುತ್ತಾರೆ ಎಂಬುದು ಅವರ ಅನುಭವ. ಆದ್ದರಿಂದ ಪಾಯ ಅಗೆಯುವ ಮೊದಲು, ಖಾಲಿ ಜಾಗದ ಮೇಲೆ ಸುಣ್ಣದ ಪುಡಿಯಲ್ಲಿ ಪೂರಾ ಮನೆಯನ್ನೇ ಬರೆಯುತ್ತಿದ್ದರು. ಇದ್ದಷ್ಟೇ ಅಳತೆ, ಇದ್ದಲ್ಲೇ ಬಾಗಿಲು. ಬರೆದು ಮುಗಿಸಿ ಮನೆಯವರನ್ನೆಲ್ಲ ಕರೆದು ಆ ಗೆರೆಗಳೊಳಗೆ ಕೂಡಿಸುತ್ತಿದ್ದರು. ಅಡುಗೆಮನೆ ಎಂದು ಬರೆದಲ್ಲಿ ಸ್ಟೋವ್ ಹಚ್ಚಿ ಚಹಾ ಮಾಡಬೇಕು. ಪಡಸಾಲೆ ಎಂದು ಬರೆದಲ್ಲಿ ಚಾಪೆ ಹಾಕಿ ಕುಡಿಯಬೇಕು. ಮುದುಕರಿದ್ದರೆ ಅವರ ಕೋಣೆಯಲ್ಲಿ ಒಂದಿಷ್ಟು ಹೊತ್ತು ಮಲಗಬೇಕು.

"ಮೊದಲ ಚಾ ಕುಡೀರಿ, ಗ್ವಾಡಿ ಆಮ್ಯಾಲ ಕಟ್ಟೂಣು" ಅನ್ನುವುದು ಅವರ ಮಾತು.

ಗೆರೆ ದಾಟಿದರೆ ಬೈಗುಳ ಗ್ಯಾರಂಟಿ. "ಏ, ಗ್ವಾಡ್ಯಾಗ ಹಾದು ಹೊಂಟೀಯಲ್ಲಲೇ, ದೆವ್ವ ಏನು ನೀ? ಬಾಗ್ಲಾ ಅಲ್ಲೈತಿ ನೋಡು." ದೊಡ್ಡ ದೊಡ್ಡ ಗೌಡರು ಕೂಡ ಪಂಚೆ ಎತ್ತಿಕೊಂಡು, ಇಲ್ಲದ ಬಾಗಿಲಿನಿಂದ ಸುತ್ತಿ ಬರುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. ಸರ್ ಅವರನ್ನೂ ಬಿಡುತ್ತಿರಲಿಲ್ಲ. "ನಗೂದಿದ್ರ ಒಳಗ ಬಂದು ನಗ್ರಿ. ಚಪ್ಪಲಿ ಹೊರಗ ಬಿಡ್ರಿ."

ಹುನ್ನೂರಿನಲ್ಲಿ ಒಬ್ಬರ ಮನೆಗೆ ಹೀಗೆ ಸುಣ್ಣ ಹಾಕಿದಾಗ ಅತ್ತೆ ಸೊಸೆ ಇಬ್ಬರೂ ಆ ಗೆರೆಯ ಅಡುಗೆಮನೆಗೆ ಹೋದರಂತೆ. ಸಕ್ಕರೆ ಹಾಕುವುದರೊಳಗೆ ಒಲೆ ಯಾವ ಕಡೆ ಇರಬೇಕೆಂಬ ಜಗಳ ಶುರುವಾಯಿತು. ಗೋಡೆ ಇಲ್ಲದ್ದರಿಂದ ಜಗಳ ಇಡೀ ಊರಿಗೆ ಕೇಳಿಸಿತು. ಗಂಡಸರು ತಲೆ ತಗ್ಗಿಸಿ ಕೂತರು. ಸರ್ ಖುಷಿಯಾಗಿ ಚಹಾ ಕುಡಿದು ಮುಗಿಸಿ, ಎದ್ದು ಹೋಗಿ, ಕಾಲಿನಿಂದ ಒಂದು ಗೆರೆ ಅಳಿಸಿ, ಅಡುಗೆಮನೆಗೆ ಎರಡನೇ ಬಾಗಿಲು ಇಟ್ಟು, ಒಲೆಯನ್ನು ನಡುವೆ ತಂದರು. "ಗ್ವಾಡಿ ಏಳೂಕಿಂತ ಮೊದಲ ಜಗಳ ಆತು ನೋಡ್ರಿ, ಚಲೋ ಆತು. ಈಗ ಕೆಡವೂ ಕೆಲಸಿಲ್ಲ." ಆ ಅತ್ತೆ ಸೊಸೆ ಇಂದಿಗೂ ಬೇರೆ ಬೇರೆ ಬಾಗಿಲಿನಿಂದ ಒಳಬಂದು ಒಂದೇ ಒಲೆಯ ಮೇಲೆ ಅಡುಗೆ ಮಾಡುತ್ತಾರೆ.

ಮುಧೋಳದಲ್ಲಿ ಇನ್ನೊಂದು ನಡೆಯಿತು. ಮಾಲೀಕನ ಬೇಟೆನಾಯಿ, ಆ ಊರಿನ ಬಡಕಲು ಉದ್ದನೆಯ ಜಾತಿಯದು, ಬಂದು ಸುಣ್ಣದ ದೇವರ ಕೋಣೆಯಲ್ಲಿ ಮಲಗಿಬಿಟ್ಟಿತು. ಮಾಲೀಕ ಕರೆದ, ಗದರಿದ, ರೊಟ್ಟಿ ತೋರಿಸಿದ. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ಸರ್ ತಮ್ಮ ಸುಣ್ಣದ ಬುಟ್ಟಿ ತೆಗೆದುಕೊಂಡು ನಾಯಿಯ ಸುತ್ತ ಗೆರೆ ಸರಿಸಿ, ದೇವರನ್ನು ಪಕ್ಕದ ಕೋಣೆಗೆ ಕಳಿಸಿದರು. "ದೇವರು ಸರೀತಾನು. ಅದು ಸರಿಯಂಗಿಲ್ಲ."

ಅವರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಇರುತ್ತಿತ್ತು. ಪ್ಯಾಂಟಿನ ಬಲಗಿಸೆಯ ಬಾಯಿಯೂ ಅಷ್ಟೇ. ಮದುವೆ ಊಟಕ್ಕೆ ಕೂತರೂ ಎಲೆಯ ಮೇಲೆ ಮೊಸರಿನಲ್ಲಿ ಬೆರಳು ಅದ್ದಿ ಮಂಟಪದ ನಕ್ಷೆ ತೆಗೆದು, ಊಟದ ಸಾಲು ಯಾಕೆ ತಪ್ಪು ದಿಕ್ಕಿಗೆ ಹೊರಟಿದೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ವಾದದಲ್ಲಿ ಸೋತದ್ದನ್ನು ಯಾರೂ ನೋಡಿರಲಿಲ್ಲ. ಸೋಲುವ ಹೊತ್ತು ಬಂತು ಅನ್ನಿಸಿದರೆ ವಿಷಯವನ್ನೇ ಬದಲಿಸಿಬಿಡುತ್ತಿದ್ದರು, ಅದೂ ಎಷ್ಟು ಸಲೀಸಾಗಿ ಎಂದರೆ ಮನೆಗೆ ಬಂದ ಮೇಲೆ ನಮಗೆ ಗೊತ್ತಾಗಬೇಕು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕುಯುಕ್ತಿಗಳನ್ನು ಅವರಿಂದ ಕಲಿತೆ. ನನ್ನನ್ನು ಅವರು ಕರೆಯುತ್ತಿದ್ದದ್ದು "ವಕೀಲವ್ವ" ಎಂದು.

ಈಗ ಆ ಪ್ರಸಿದ್ಧ ಮನೆಯ ವಿಷಯ.

ಸರ್ ತಾವು ವಿದ್ಯಾರ್ಥಿಯಾಗಿದ್ದಾಗ ಆ ಮನೆಯ ನಕ್ಷೆಯನ್ನು ಒಂದು ಕತ್ತಲೆ ಕೋಣೆಯಲ್ಲಿ, ಪರದೆಯ ಮೇಲೆ, ಸ್ಲೈಡ್ ಹಾಕಿ ತೋರಿಸಿದಾಗ ನೋಡಿದ್ದರು. ಹೊರದೇಶದ ಹೆಸರಾಂತ ವಾಸ್ತುಶಿಲ್ಪಿಯೊಬ್ಬ ಅಹಮದಾಬಾದಿನ ಒಂದು ಕುಟುಂಬಕ್ಕೆ ಕಟ್ಟಿಕೊಟ್ಟ ಮನೆ. ಗಾರೆ ಮೆತ್ತಿ ಗಿಲಾವು ಮಾಡದ ಕಾಂಕ್ರೀಟು, ಬಣ್ಣ ಕಾಣದ ಇಟ್ಟಿಗೆ, ಮೇಲೆ ಹುಲ್ಲು ಬೆಳೆದ ಛಾವಣಿ, ನೆಲದಿಂದ ಛತ್ತಿನವರೆಗೆ ತೆರೆದ ದೊಡ್ಡ ಪಡಸಾಲೆ. ಒಂದೇ ಸಲ ನೋಡಿದ್ದು. ಅದು ಅವರ ತಲೆಯಲ್ಲಿ ಹಾಗೇ ಕೂತುಬಿಟ್ಟಿತು. ಮುಂದೆ ಪಾಲಿಟೆಕ್ನಿಕ್ಕಿಗೆ ಬಂದ ಮೇಲೆ ಪ್ರತಿ ವರ್ಷ ಹೊಸ ಹುಡುಗರಿಗೆ ಮೈದಾನದಲ್ಲಿ ಆ ಮನೆಯನ್ನು ಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಕೊನೆಯಲ್ಲಿ ಒಂದು ಆಟ. ಹುಡುಗರು ಸರ್ ಕಣ್ಣಿಗೆ ಟವೆಲ್ ಕಟ್ಟಬೇಕು. ಸರ್ ಬಾಗಿಲಿನಿಂದ ಹೊಕ್ಕು, ಬಲಕ್ಕೆ ತಿರುಗಿ ಪಡಸಾಲೆಗೆ ಹೋಗಿ, ಮೆಟ್ಟಿಲ ಬುಡ ಮುಟ್ಟಿ, ಒಂದು ಗೆರೆಯನ್ನೂ ತುಳಿಯದೆ ಹೊರಬರುತ್ತಿದ್ದರು. ಸಿಳ್ಳೆಯೋ ಸಿಳ್ಳೆ. ನೋಡದೇ ಇರುವ ಮನೆಯಲ್ಲಿ ಅವರಷ್ಟು ಓಡಾಡಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ.

ನಾನು ಒಂದನೆಯ ಇಯತ್ತೆಯಲ್ಲಿದ್ದಾಗ ಬನಹಟ್ಟಿಯಲ್ಲಿ ಅಪ್ಪ ಜಾಗ ಕೊಂಡರು. ಅಪ್ಪನದು ಸೀರೆ ಅಂಗಡಿ. ಅವ್ವ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾಳೆ, ಓಣಿಯ ನಾಲ್ಕಾರು ಹೆಂಗಸರೂ ಬಂದು ಕೂಡುತ್ತಾರೆ. ಅವ್ವ ಕೇಳಿದ್ದು ಒಂದೇ ಒಂದು: "ಮಧ್ಯಾನ ನಾಕ ಮಂದಿ ಕುಂತು ಕೆಲಸ ಮಾಡೂವಂಥ ಬೆಳಕಿನ ಪಡಸಾಲಿ ಬೇಕ್ರಿ." ಸರ್ ಕಣ್ಣು ಹೊಳೆದವು. ರಸ್ತೆ ಉತ್ತರಕ್ಕೆ, ಜಾಗ ಉದ್ದಕ್ಕೆ. ಅಹಮದಾಬಾದಿನ ಮನೆಗೆ ಹೇಳಿ ಮಾಡಿಸಿದಂತಿದೆ ಎಂದು, ಅದನ್ನೇ ಸಣ್ಣದು ಮಾಡಿ ಸುಣ್ಣ ಹಾಕಿದರು. ಅವತ್ತು ಸರ್ ಸಂಬಂಧಿಕರಲ್ಲಿ ಮದುವೆ ಇತ್ತು. ಅದಕ್ಕಾಗಿ ನಮ್ಮನ್ನು ಬೆಳಿಗ್ಗೆಯೇ ಕೂಡಿಸಿ, ಚಹಾ ಕುಡಿಸಿ, ಹತ್ತು ಗಂಟೆಯ ಬಸ್ಸಿಗೆ ಹೊರಟರು. ಬೆಳಿಗ್ಗೆ ಆ ಗೆರೆಯ ಪಡಸಾಲೆ ಸ್ವರ್ಗದಂತಿತ್ತಂತೆ.

ಮನೆ ಎದ್ದಿತು. ಬಾಗಿಲಿನಿಂದ ಹೊಕ್ಕು ಬಲಕ್ಕೆ ತಿರುಗಿದರೆ ಪಡಸಾಲೆ. ಅಂದರೆ ಪಶ್ಚಿಮಕ್ಕೆ. ನೆಲದಿಂದ ಛತ್ತಿನವರೆಗೆ ಕಿಟಕಿ. ಬನಹಟ್ಟಿಯ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡರ ನಂತರ ಅಲ್ಲಿ ಹಪ್ಪಳ ಒಣಗಿಸಬಹುದಿತ್ತು. ನಿಜವಾಗಿಯೂ ಒಣಗಿಸುತ್ತಿದ್ದೆವು. ನೋಡಲು ಬಂದವರು ಏನು ಬೆಳಕು, ಏನು ಎತ್ತರ ಎಂದು ಹೊಗಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅವ್ವ ಕಿಟಕಿಗೆ ಅಡ್ಡಲಾಗಿ ದೊಡ್ಡ ಕೌದಿ ಕಟ್ಟಿ, ಕುಚ್ಚಿನ ಗಂಟುಗಳನ್ನು ಎತ್ತಿಕೊಂಡು ಹಿಂದಿನ ಕತ್ತಲೆ ಕೋಣೆಗೆ ಹೋಗಿ, ಬಲ್ಬಿನ ಕೆಳಗೆ ಕೂಡುತ್ತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅವ್ವ ಬೆಳಕು ಕೇಳಿದ್ದಳು. ಸಿಕ್ಕಿದ್ದು ಬಿಸಿಲು.

ಒಂದು ಸಲ, ಒಂದೇ ಸಲ, ಅವಳು ಸರ್ ಮುಂದೆ ಹೇಳಿದಳು. ಸರ್ ಕೌದಿಯನ್ನು ನೋಡಿ ಮುಖ ಸಿಂಡರಿಸಿ, "ಮನಿ ಚಲೋನ ಐತಿ ತಂಗಿ, ನಿಮಗ ಬಳಸಾಕ ಬರವಲ್ದು" ಅಂದರು.

ಆ ಮಾತು ಅವ್ವನಿಗೆ ತಾಗಿತು. ಮತ್ತೆ ಅವಳು ದೂರಲಿಲ್ಲ. ಅವಳು ಮಾಡಿದ್ದೇ ಬೇರೆ. ಸರ್ ಯಾವಾಗ ನಮ್ಮ ಮನೆಗೆ ಬಂದರೂ ಕೌದಿ ಬಿಚ್ಚಿ, ಪಡಸಾಲೆಯ ನಟ್ಟನಡುವೆ ಕುರ್ಚಿ ಹಾಕಿ, ಕುದಿಯುವ ಚಹಾ ಕೊಡುತ್ತಿದ್ದಳು. ಸರ್ ಬೆವರು ಒರೆಸಿಕೊಳ್ಳುತ್ತ "ಏನ್ ಬೆಳಕ್ರೀ!" ಅನ್ನುತ್ತಿದ್ದರು. ಅವ್ವ "ಇನ್ನೊಂದು ಕಪ್ಪು ಹಾಕಲ್ರೀ ಸರ್?" ಅನ್ನುತ್ತಿದ್ದಳು. ಸರ್ ಹಾಕಿಸಿಕೊಳ್ಳುತ್ತಿದ್ದರು. ಇಬ್ಬರೂ ಸೋಲುವವರಲ್ಲ. ಸರ್ ಜಾಣತನ ಮಾಡಿ ಬೆಳಿಗ್ಗೆ ಬರತೊಡಗಿದರೆ, ಅವ್ವ ನಯವಾಗಿ ಹೇಳುತ್ತಿದ್ದಳು: "ಮುಂಜಾನಿ ಯಾಕ್ರೀ, ಮಧ್ಯಾನ ಬರ್ರಿ. ನಿಮ್ಮ ಪಡಸಾಲಿ ನೋಡೂದು ಮಧ್ಯಾನನ." ಎಷ್ಟೋ ವರ್ಷ ನಡೆದ ಈ ಯುದ್ಧದಲ್ಲಿ ಒಂದು ಕೆಟ್ಟ ಮಾತೂ ಆಡಿದ್ದಿಲ್ಲ.

ನಾನು ಪಿಯುಸಿಗೆ ಬಂದಾಗ ಕೈಗೆ ಫೋನು ಬಂತು. ಒಂದು ದಿನ ಸುಮ್ಮನೆ ಆ ಪ್ರಸಿದ್ಧ ಮನೆಯನ್ನು ಹುಡುಕಿದೆ. ನಕ್ಷೆ ಸಿಕ್ಕಿತು. ಬಾಗಿಲಿನಿಂದ ಹೊಕ್ಕರೆ ಪಡಸಾಲೆ ಎಡಕ್ಕಿದೆ! ಪೂರ್ವಕ್ಕೆ! ನಮ್ಮದು ಅದರ ಕನ್ನಡಿ ಬಿಂಬ. ಅವತ್ತೇ ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಸರ್ ಮುಂದೆ ಫೋನು ಹಿಡಿದೆ.

ಸರ್ ಕನ್ನಡಕ ಹಣೆಗೇರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಫೋನಿನ್ಯಾಗ ಎಲ್ಲಾ ಉಲ್ಟಾ ಬರ್ತೈತಿ ವಕೀಲವ್ವ. ನನ್ನ ಕ್ರಾಪು ಎಡಕ್ಕ ಐತಿ. ನನ್ನದೊಂದು ಸೆಲ್ಫಿ ತಗಿ ನೋಡೂಣು, ಬಲಕ್ಕ ಬರ್ತೈತಿ."

"ಸೆಲ್ಫಿ ಬ್ಯಾರೆ ಸರ್, ಇದು ನಕ್ಷೆ. ಇದರ ಮ್ಯಾಲಿನ ಅಕ್ಷರ ಸರಿ ಅದಾವಲ್ರೀ?"

"ಅಕ್ಷರ ಆಮ್ಯಾಲ ಬರದಿರ್ತಾರ."

"ಮತ್ತ ನಮ್ಮ ಪಡಸಾಲಿ ಯಾಕ ಕಾಯ್ತೈತ್ರೀ?"

"ಬನಹಟ್ಟಿ ಕಾಯ್ತೈತಿ. ಪಡಸಾಲಿ ಏನ್ ಮಾಡ್ತೈತಿ ಪಾಪ" ಅಂದು, ಅಲ್ಲಿಂದ ಮಾತನ್ನು ಈ ವರ್ಷದ ಮಳೆಯ ಕಡೆಗೆ ಒಯ್ದರು. ನಾನು ವಾಪಸು ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ವಿಷಯ ಬದಲಾಗಿತ್ತು. ಇಳಿಯುವ ಮುಂಚೆ ಫೋನ್ ಮಾಡಿ ಹೇಳಿದೆ: "ಸರ್, ಹೋಗಿ ನೋಡೂಣು. ಮನಿ ಅಂತೂ ಉಲ್ಟಾ ಬರಾಂಗಿಲ್ಲ." ಆ ಕಡೆಯಿಂದ ನಗು ಕೇಳಿಸಿತು. "ನೋಡೂಣು, ನೋಡೂಣು."

ಆ ನೋಡೂಣು ಕೂಡಿ ಬರಲು ಕೆಲವು ವರ್ಷ ಹಿಡಿಯಿತು. ಡಿಗ್ರಿಯ ಕೊನೆಯ ವರ್ಷ ನನಗೆ ಅಹಮದಾಬಾದಿನಲ್ಲಿ ಒಂದು ಚರ್ಚಾಸ್ಪರ್ಧೆ ಬಂತು. ಅಪ್ಪ ಅಂಗಡಿ ಬಿಟ್ಟು ಬರುವವರಲ್ಲ. ಜೊತೆಗೆ ಅವ್ವ ಹೊರಟಳು. ಸುದ್ದಿ ಕೇಳಿ ನಿವೃತ್ತರಾಗಿದ್ದ ಸರ್ ಕೈಚೀಲ ಹಿಡಿದು ಬನಹಟ್ಟಿಗೇ ಬಂದುಬಿಟ್ಟರು. ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಅವ್ವ ಶೇಂಗಾ ಹಿಂಡಿ, ರೊಟ್ಟಿ ಬಿಚ್ಚುತ್ತಿದ್ದಳು. ಸರ್ ಪ್ರತಿ ಸ್ಟೇಶನ್ನಿನಲ್ಲಿ ಕಟ್ಟಡದ ಬಾಗಿಲು ಯಾವ ದಿಕ್ಕಿಗಿದೆ, ಯಾಕೆ ತಪ್ಪು ಎಂದು ಹೇಳುತ್ತಿದ್ದರು. ಸ್ಪರ್ಧೆಯಲ್ಲಿ ನಾನು ಎರಡನೇ ಸುತ್ತಿನಲ್ಲೇ ಹೊರಬಿದ್ದೆ. "ಚಲೋ ಆತು, ನಾಳೆ ಪೂರಾ ದಿನ ಖಾಲಿ" ಅಂದರು ಸರ್. ಸಾಂತ್ವನ ಅಷ್ಟೇ.

ಆ ಮನೆಗೆ ಮೊದಲೇ ತಿಳಿಸಿ ಹೋಗಬೇಕು. ನಮಗೆ ಸಿಕ್ಕದ್ದು ಮಧ್ಯಾಹ್ನ ಮೂರರ ಹೊತ್ತು. ಗೇಟಿನ ಪಕ್ಕದ ಕೋಣೆಯಲ್ಲಿ ಚೀಲ, ಫೋನು ಇಡಬೇಕು. ನಾನು ಮೂವರ ಸಾಮಾನು ತೆಗೆದುಕೊಂಡು ಅಲ್ಲಿ ನಿಂತೆ. ಅವ್ವನ ಚಹಾದ ಥರ್ಮಾಸನ್ನೂ ಇಡಬೇಕೆಂದಾಗ ಸರ್ ಸಿಟ್ಟಾದರು. "ಚಾ ಇಲ್ಲದ ಮನಿ ಹೆಂಗ್ ನೋಡೂದ್ರೀ?" ಎಂದು ಕನ್ನಡದಲ್ಲೇ ಜಗಳಕ್ಕೆ ನಿಂತರು. ಅವ್ವ ಅವರನ್ನು ಮುಂದಕ್ಕೆ ಕರೆದೊಯ್ದಳು. ಮುಂದಿನ ಕೋಣೆಯಲ್ಲಿ, ಮೇಜಿನ ಮೇಲೆ, ಛಾವಣಿ ಎತ್ತಿಟ್ಟ ಆ ಮನೆಯ ಕಟ್ಟಿಗೆಯ ಮಾದರಿ ಇತ್ತು. ಇಬ್ಬರೂ ಬಹಳ ಹೊತ್ತು ಅದರ ಹತ್ತಿರ ನಿಂತಿದ್ದು ಜಾಲರಿಯ ಬಾಗಿಲಿನಿಂದ ಕಾಣುತ್ತಿತ್ತು. ನಾನು ಹೋಗುವಷ್ಟರಲ್ಲಿ ಸರ್ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಮನೆಯ ಮುಂದೆ ಬಂದೆವು. ಮನೆ ತೋರಿಸುವ ಹುಡುಗ ಹಿಂದಿಯಲ್ಲಿ ಕಲಿತ ಪಾಠ ಶುರು ಮಾಡಿದ. ಸರ್ ಕೈ ಎತ್ತಿ ತಡೆದರು. "ನೀ ಸುಮ್ನಿರಪಾ. ನಾ ತೋರಸ್ತೇನಿ." ನಮ್ಮ ಕಡೆ ತಿರುಗಿ, "ವಕೀಲವ್ವ, ತಂಗಿ, ನೋಡ್ರಿ. ಕಣ್ಣ ಮುಚ್ಚಿ ಹೋಗ್ತೇನಿ" ಎಂದು, ಎದೆ ಉಬ್ಬಿಸಿ, ಮೈದಾನದಲ್ಲಿ ಹೋಗುತ್ತಿದ್ದ ಅದೇ ಠೀವಿಯಲ್ಲಿ ಬಾಗಿಲು ಹೊಕ್ಕರು. ಮುಂದೆ ನಡೆದರು. ಬಲಕ್ಕೆ ತಿರುಗಿದರು.

"ಅಂಕಲ್ ಜೀ, ಉಧರ್ ನಹೀ..." ಅಂದ ಹುಡುಗ.

ಧಪ್ ಎಂದಿತು.

ಸರ್ ಹಣೆ ಹಿಡಿದುಕೊಂಡು ನೆಲದ ಮೇಲೆ ಕೂತರು. ಕಣ್ಣಲ್ಲಿ ನೀರು. ಹುಡುಗ ನೀರಿನ ಬಾಟಲಿಗೆ ಓಡಿದ. ಸರ್ ಎದುರಿನ ಗೋಡೆಯನ್ನು ನೋಡಿ, ವರದಿ ಒಪ್ಪಿಸುವವರಂತೆ ಹೇಳಿದರು:

"ಇಲ್ಲೆ ಗ್ವಾಡಿ ಐತಿ."

"ಐತ್ರೀ ಸರ್" ಅಂದಳು ಅವ್ವ.

ಅಷ್ಟು ಹೇಳಿದ್ದೇ ತಡ, ಅವಳಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು. ತಡೆಯಲಾಗಲಿಲ್ಲ. ಆ ಗಿಲಾವಿಲ್ಲದ ಗೋಡೆಗಳ ನಡುವೆ ಅವಳ ನಗು ತಿರುಗಿ ತಿರುಗಿ ಬರುತ್ತಿತ್ತು. ಎಷ್ಟೋ ವರ್ಷದ ಕುದಿಯುವ ಚಹಾ, ಕೌದಿ, ಕತ್ತಲೆ ಕೋಣೆಯ ಬಲ್ಬು, "ನಿಮಗ ಬಳಸಾಕ ಬರವಲ್ದು", ಎಲ್ಲವೂ ಆ ನಗುವಿನಲ್ಲಿ ಹೊರಟುಹೋಗುತ್ತಿವೆ ಅನ್ನಿಸಿತು. ಸರ್ ಕೂತಲ್ಲಿಂದಲೇ ಅವಳನ್ನು ನೋಡಿದರು. ಆಮೇಲೆ ಅವರೂ ನಗತೊಡಗಿದರು. ನಕ್ಕರೆ ಹಣೆ ನೋಯುತ್ತಿತ್ತು, ನೋವಿಗೆ ಅಯ್ಯೋ ಅನ್ನುತ್ತ ಮತ್ತೆ ನಗುತ್ತಿದ್ದರು. ನೀರು ತಂದ ಹುಡುಗ ಯಾರಿಗೆ ಕೊಡಬೇಕೆಂದು ತಿಳಿಯದೆ ತಾನೇ ಒಂದು ಗುಟುಕು ಕುಡಿದ.

ನಾನು ಈ ಕ್ಷಣಕ್ಕಾಗಿ ಪಿಯುಸಿಯಿಂದ ತಯಾರಿ ಮಾಡಿಕೊಂಡಿದ್ದೆ. ಫೋನು, ಸೆಲ್ಫಿ, ಅಕ್ಷರ, ಬನಹಟ್ಟಿಯ ಬಿಸಿಲು, ಒಂದೊಂದಕ್ಕೂ ಉತ್ತರ ಸಿದ್ಧವಿತ್ತು. ಅವುಗಳಲ್ಲಿ ಒಂದನ್ನೂ ಆಡಲು ಆಗಲಿಲ್ಲ. ಎದುರು ಪಕ್ಷವೇ ಕೆಳಗೆ ಕೂತು ನಗುತ್ತಿರುವಾಗ ಯಾರ ಜೊತೆ ವಾದಿಸುವುದು?

ಎಡಕ್ಕೆ ಹೋದೆವು. ಪಡಸಾಲೆ ಅಲ್ಲಿತ್ತು. ಮೂರರ ಬಿಸಿಲು ಮನೆಯ ಆ ಕಡೆಗೇ ಉಳಿದು, ಇಲ್ಲಿ ಬರೀ ಬೆಳಕಿತ್ತು. ಮುಂದೆ ಆಳವಾದ ವರಾಂಡ, ಅದರಾಚೆ ಗಿಡಗಳು. ನೆಲದ ಕಲ್ಲು ತಣ್ಣಗಿತ್ತು. ಕೂಡಬಾರದು ಎಂದು ಹುಡುಗ ಹೇಳಿದ್ದರೂ ಸರ್ ಬುಗುಟೆ ತೋರಿಸಿ ಪರವಾನಗಿ ಗಿಟ್ಟಿಸಿದರು. ಅವ್ವನಿಗೆ, "ಕುಂಡ್ರು ತಂಗಿ" ಅಂದರು. ಅವ್ವ ಕೂತಳು. ಕೈ ತಾನಾಗಿ ಕುಚ್ಚು ಕಟ್ಟುವವರ ಹಾಗೆ ಮಡಿಲಿಗೆ ಬಂತು. ಸುತ್ತ ನೋಡಿದಳು.

"ಚಾ ಇಲ್ಲದಿದ್ರೂ ತಂಪೈತ್ರಿ."

ಸರ್ ನೆಲ ನೋಡುತ್ತ ಹೇಳಿದರು. "ನೀವು ಬಳಸೂದ್ರಾಗ ತಪ್ಪಿಲ್ಲ ತಂಗಿ. ನಾ ಕಟ್ಟಿಸಿದ್ದ ಉಲ್ಟಾ. ಅವತ್ತು ಮುಂಜಾನಿ ಕುಂಡ್ರಸಿ ಹೋಗಬಾರದಾಗಿತ್ತು. ಸಂಜೀತನಾ ಕುಂಡ್ರಸಬೇಕಾಗಿತ್ತು."

ಅವ್ವ ಸೆರಗು ಕೊಡವಿ ಎದ್ದಳು. "ಹಣಿಗಿ ಎಣ್ಣಿ ಹಚ್ಚಬೇಕು, ಏಳ್ರಿ" ಅಂದಳು.

ರೈಲಿನಲ್ಲಿ ಸರ್ ಮತ್ತೆ ಸರ್ ಆದರು. ತಪ್ಪು ತಮ್ಮದಲ್ಲ, ಆ ಕತ್ತಲೆ ಕೋಣೆಯ ಪ್ರೊಫೆಸರರದು ಎಂಬ ತೀರ್ಮಾನಕ್ಕೆ ಪುಣೆ ದಾಟುವ ಮೊದಲೇ ಬಂದಿದ್ದರು. ಸ್ಲೈಡು ತಲೆಕೆಳಗಾದರೆ ಹುಡುಗರು ಕೂಗಿ ಹೇಳುತ್ತಿದ್ದರು. ಎಡಬಲ ಬದಲಾದರೆ ಯಾರಿಗೆ ಗೊತ್ತಾಗಬೇಕು? "ಅಂವ ಹೆಂಗ್ ಹಾಕಿದ್ನೋ ನಾ ಹಂಗ್ ಕಲಿತೆ" ಎಂದು ಕೊಬ್ಬರಿ ಎಣ್ಣೆ ಹಚ್ಚಿದ ಹಣೆ ಮುಟ್ಟಿಕೊಂಡರು. ಸತ್ತುಹೋದ ಪ್ರೊಫೆಸರರು ಬಂದು ವಾದಿಸುವಂತಿರಲಿಲ್ಲ.

ಊರಿಗೆ ಬಂದ ಮುಂದಿನ ಭಾನುವಾರ ಸುಣ್ಣದ ಬುಟ್ಟಿಯೊಂದಿಗೆ ನಮ್ಮ ಮನೆಗೆ ಹಾಜರಾದರು. ಪಡಸಾಲೆಯ ಪಶ್ಚಿಮಕ್ಕೆ, ಹೊರಗೆ, ಆಳವಾದ ವರಾಂಡದ ಗೆರೆ ಎಳೆದರು. ಮೇಲೆ ಒಂದು ತಾಡಪತ್ರಿ ಕಟ್ಟಿಸಿದರು. ಅಪ್ಪನನ್ನು ಅಂಗಡಿಯಿಂದ ಕರೆಸಿ, ನಮ್ಮನ್ನೆಲ್ಲ ಮಧ್ಯಾಹ್ನ ಹನ್ನೆರಡರಿಂದ ಹೊತ್ತು ಮುಳುಗುವವರೆಗೆ ಅದರ ಕೆಳಗೆ ಕೂಡಿಸಿದರು. ಯಾರೂ ಏಳುವಂತಿಲ್ಲ. ಬಿಸಿಲು ಒಳಗೆ ಇಣುಕಿದಾಗಲೆಲ್ಲ ಗೆರೆಯನ್ನು ಹೊರಗೆ ಸರಿಸುತ್ತಿದ್ದರು. "ಇವತ್ತೇನು ಮದುವಿ ಇಲ್ಲೇನ್ರೀ ಸರ್?" ಎಂದು ಅವ್ವ ಚುಚ್ಚಿದಳು. "ಇದ್ರೂ ಹೋಗಾಂವ ಅಲ್ಲ ತಂಗಿ" ಅಂದರು.

ವರಾಂಡ ಆಯಿತು. ಪಡಸಾಲೆ ತಣ್ಣಗಾಯಿತು. ಬಾರದೇ ಇದ್ದ ಹೆಂಗಸರು ತಿರುಗಿ ಬಂದರು. ಈಗ ಮಧ್ಯಾಹ್ನ ನಮ್ಮಲ್ಲಿ ನಾಲ್ಕಲ್ಲ, ಆರೇಳು ಮಂದಿ ಕೂತು ಕುಚ್ಚು ಕಟ್ಟುತ್ತಾರೆ, ಇಡೀ ಬನಹಟ್ಟಿಯ ಸುದ್ದಿಯೂ ಅಲ್ಲೇ ಕಟ್ಟಲ್ಪಡುತ್ತದೆ. ಅವ್ವ ಆ ಕೌದಿ ಬಿಚ್ಚಿ, ಒಗೆದು, ಸರ್ ಅವರಿಗೇ ಕೊಟ್ಟಳು. "ನಿಮ್ಮ ಬಿಸಲು ತಿಂದು ತಿಂದು ಮೆತ್ತಗಾಗೈತ್ರಿ, ಹೊತ್ತಕೊಳ್ಳಾಕ ಚಲೋ." ಕೊನೆಯ ಚಳಿಗಾಲದವರೆಗೂ ಅವರು ಅದನ್ನೇ ಹೊದೆಯುತ್ತಿದ್ದರು. ಆ ಕೊನೆಯ ವರ್ಷ ಪಾಲಿಟೆಕ್ನಿಕ್ಕಿನವರು ಕರೆದಾಗ ಮೈದಾನದಲ್ಲಿ ಪ್ರಸಿದ್ಧ ಮನೆಯನ್ನು ಮತ್ತೆ ಬರೆದರು, ಪಡಸಾಲೆ ಎಡಕ್ಕೆ. ನೋಡಲು ಬಂದ ಹಳೆಯ ವಿದ್ಯಾರ್ಥಿಗಳು ರೂಢಿಯಂತೆ ಬಲಕ್ಕೆ ತಿರುಗಿ ಒಬ್ಬರ ಹಿಂದೊಬ್ಬರು ಗೆರೆ ತುಳಿದರು. "ಗ್ವಾಡಿ ಐತಲೇ ಅಲ್ಲೆ! ನನ್ನ ಹಣಿ ಕೇಳ್ರಿ!" ಎಂದು ಸರ್ ಕೂಗಿದರು. ಅಷ್ಟನ್ನೇ ಕೇಳಿಸಿಕೊಂಡವರು ಉಳಿದದ್ದನ್ನು ಭಕ್ತಿಯಿಂದ ತುಂಬಿಕೊಂಡು ಆ ಸಭೆಯಲ್ಲಿ ಹೇಳಿದರು.

ಆದರೆ ಸಭೆಯಿಂದ ಮರಳುವಾಗ ಬಸ್ಸಿನಲ್ಲಿ ನನ್ನ ತಲೆಗೆ ಬೇರೆಯದೇ ಒಂದು ಸಂಗತಿ ಹೊಕ್ಕಿತು. ಹುನ್ನೂರಿನವರು, ಮುಧೋಳದವರು, ಮನೆ ಕಟ್ಟಿಸಿಕೊಂಡವರಲ್ಲಿ ಮಾತಾಡಿದವರೆಲ್ಲ ಇನ್ನೂ ಒಂದು ವಿಷಯ ಹೇಳಿದ್ದರು: ಸರ್ ತಮ್ಮನ್ನು ಹೊತ್ತು ಮುಳುಗುವವರೆಗೆ ಸುಣ್ಣದ ಮನೆಯಿಂದ ಏಳಗೊಡಲಿಲ್ಲ ಎಂದು. ಅವರ ಮನೆಗಳೆಲ್ಲ ಎದ್ದದ್ದು ನಮ್ಮ ಮನೆಯ ನಂತರ. ಅಂದರೆ ನಮ್ಮ ನಂತರ ಯಾರನ್ನೂ ಬೆಳಿಗ್ಗೆ ಕೂಡಿಸಿ ಬಿಟ್ಟುಹೋಗಲಿಲ್ಲ, ಆ ತಪ್ಪು ಅವರಿಗೆ ಅಹಮದಾಬಾದಿಗಿಂತ ಬಹಳ ಮೊದಲೇ ಗೊತ್ತಿತ್ತು. ಫೋನಿನ ನಕ್ಷೆಯನ್ನು ಅಷ್ಟು ಹೊತ್ತು ನೋಡಿದರಲ್ಲ, ಎಡಬಲ ತಿಳಿಯದೇ ಹೋಯಿತೇ? ಸರಿ, ಅದನ್ನೂ ಬಿಡೋಣ. ಗೇಟು ದಾಟಿದ ಮೇಲಿನ ಕೋಣೆಯಲ್ಲಿ, ಛಾವಣಿ ಎತ್ತಿಟ್ಟ ಆ ಮಾದರಿಯ ಮುಂದೆ, ಕನ್ನಡಕ ತೆಗೆಯುವ ಮುಂಚೆ ಅಷ್ಟು ಹೊತ್ತು ನಿಂತಿದ್ದರಲ್ಲ? ಪಡಸಾಲೆ ಎಡಕ್ಕಿರುವುದು ಅಲ್ಲಿ ಕಣ್ಣಿಗೆ ರಾಚುತ್ತಿತ್ತು. ಅಲ್ಲಿಯವರೆಗೆ ಬಾಯಿಬಿಟ್ಟು ಸೋಲು ಒಪ್ಪಿಕೊಳ್ಳದಿದ್ದ ಮನುಷ್ಯ ಅದನ್ನು ಮೊದಲು ಹಣೆಯಿಂದ ಒಪ್ಪಿಕೊಂಡರೇ?

ಎದುರು ವಾದವೂ ಇದೆ, ಹೇಳಿಬಿಡುತ್ತೇನೆ. ಅಷ್ಟು ಜೋರಾಗಿ ಬೇಕೆಂದೇ ಯಾರೂ ಬಡಿದುಕೊಳ್ಳುವುದಿಲ್ಲ. ರೂಢಿ ಕಾಲಿನಲ್ಲಿರುತ್ತದೆ, ತಲೆಗೆ ಗೊತ್ತಿದ್ದರೂ ಕಾಲು ಬಲಕ್ಕೇ ತಿರುಗುತ್ತದೆ. ಎರಡೂ ಕಡೆ ತೂಕವಿದೆ. ತೀರ್ಪು ಕೊಡಬಲ್ಲ ಸಾಕ್ಷಿ ಒಬ್ಬಳೇ. ಮಾದರಿಯ ಹತ್ತಿರ ಸರ್ ಪಕ್ಕದಲ್ಲಿ ನಿಂತಿದ್ದವಳು, ಮನೆಯೊಳಗೆ ಅವರ ಮುಖ ಕಾಣುವಂತೆ ಓರೆಯಲ್ಲಿದ್ದವಳು, ಮೊದಲು ನಕ್ಕವಳು.

ನಿನ್ನೆ ಮಧ್ಯಾಹ್ನ ವರಾಂಡದಲ್ಲಿ ಅವಳ ಎದುರು ಕೂತೆ. ಬಿಸಿಲು ಗೆರೆಯ ಆಚೆಗೇ ನಿಂತಿತ್ತು. ಅವಳು ಹಸಿರು ಸೀರೆಯೊಂದರ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ದಾರದ ತುದಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು, ಬಿಡುವ ಲಕ್ಷಣವಿರಲಿಲ್ಲ. ಆದರೂ ಕೇಳಿದೆ.

"ಅವ್ವಾ, ಖರೆ ಹೇಳು. ಅವತ್ತು ಬಲಕ್ಕ ತಿರಗೂವಾಗ ಸರ್ ಕಣ್ಣು ಮುಚ್ಚಿದ್ರೇನು?"